217ನೆಯ ಸಂಚಿಕೆ

ಪದವಿ ಓದುತ್ತಿದ್ದ ದಿನಗಳಲ್ಲಿ, ಬೆಂಗಳೂರಿನ ಫುಟ್‌ಪಾತೊಂದರಲ್ಲಿ ಹರಡಿದ್ದ ಹಳೆಯ ಪುಸ್ತಕಗಳ ರಾಶಿಯಿಂದ ನಾನೊಂದು ಇಂಗ್ಲಿಷ್ ಕಾಮಿಕ್ಸ್ ಎತ್ತಿಕೊಂಡೆ. ಅದರ ಹೆಸರು 'ರೇಡಿಯೋಆಕ್ಟಿವ್ ಮ್ಯಾನ್', ಸಂಚಿಕೆಯ ಸಂಖ್ಯೆ 216, ಕಾಲ 1972. ನಾನು ಚೌಕಾಸಿ ಶುರುಮಾಡುತ್ತಿದ್ದಂತೆ ಅಂಗಡಿಯವರು "ಹಳೇ ಮಾಲು ಸಾರ್, ಎಪ್ಪತ್ತೆರಡರದ್ದು, ಇಂಥದ್ದು ಎಲ್ಲೂ ಸಿಗಲ್ಲ" ಎಂದು ಬಾಯಿ ಮುಚ್ಚಿಸಿದರು. ಕಾಗದ ಅಷ್ಟು ಹಳೆಯದಾಗಿ ಕಾಣದಿದ್ದರೂ ನಾನು ನಂಬಿದೆ. ಕೇಳಿದಷ್ಟು ಕೊಟ್ಟು ಕೊಂಡುಕೊಂಡೆ. ಆಮೇಲೆ ಕೆಲವು ತಿಂಗಳು, ಆ ದಾರಿಯಲ್ಲಿ ಹೋದಾಗಲೆಲ್ಲ 215 ಮತ್ತು 217ನೆಯ ಸಂಚಿಕೆಗಳಿಗಾಗಿ ರಾಶಿಗಳನ್ನು ಕೆದಕಿದೆ. ತನಗಿಂತ ಮುಂಚೆ ಇನ್ನೂರ ಹದಿನೈದು ಸಂಚಿಕೆಗಳು ಬಂದುಹೋಗಿವೆ ಎಂಬ ಪೂರ್ಣ ವಿಶ್ವಾಸದಿಂದ ಆ ಪುಸ್ತಕ ಮಾತಾಡುತ್ತಿತ್ತು. ಅಂಥ ಪುಸ್ತಕವನ್ನು ಓದಿದವನಿಗೆ ಹಿಂದಿನದೂ ಮುಂದಿನದೂ ಬೇಕೆನಿಸುವುದು ಸಹಜ.

ಅವು ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಅವನ್ನು ಯಾರೂ ಬರೆದೇ ಇರಲಿಲ್ಲ. 216ನೆಯ ಸಂಚಿಕೆ ಎಂದು ನಾನು ಕೊಂಡದ್ದು ವಾಸ್ತವದಲ್ಲಿ ಆ ಮಾಲಿಕೆಯ ಮೂರನೆಯ ಪುಸ್ತಕ. ಮೊದಲನೆಯದರ ಸಂಖ್ಯೆ 1, ಎರಡನೆಯದರದು 88, ಮೂರನೆಯದರದು 216. ಅಲ್ಲಿಂದ ಅದು 412ಕ್ಕೆ, 679ಕ್ಕೆ, ಕೊನೆಗೆ 1000ಕ್ಕೆ ಜಿಗಿಯುತ್ತದೆ. ಆರೇ ಪುಸ್ತಕಗಳಲ್ಲಿ ಸಾವಿರ ಸಂಚಿಕೆಗಳ ಇತಿಹಾಸವೊಂದನ್ನು ಕಟ್ಟಿ ನಿಲ್ಲಿಸಿ, ನಡುವಿನ ಒಂಬೈನೂರ ತೊಂಬತ್ತನಾಲ್ಕನ್ನು ಓದುಗನ ತಲೆಗೆ ಬಿಟ್ಟ ಆ ಕಿಡಿಗೇಡಿತನ 'ದಿ ಸಿಂಪ್ಸನ್ಸ್' ಎಂಬ ಅನಿಮೇಷನ್ ಹಾಸ್ಯ ಸರಣಿಯ ಬಳಗದವರದ್ದು.

ಆ ಸರಣಿಯ ಜನಕ ಮ್ಯಾಟ್ ಗ್ರೇನಿಂಗ್ ಮೂಲತಃ ಕಾಮಿಕ್ಸ್‌ನವರು. 1977ರಿಂದ ಅವರು 'ಲೈಫ್ ಇನ್ ಹೆಲ್' ಎಂಬ ಕಾಮಿಕ್ ಸ್ಟ್ರಿಪ್ ಬರೆಯುತ್ತಿದ್ದರು. ಅದರಲ್ಲಿ ಬಾಂಗೋ ಎಂಬ ಒಂಟಿಕಿವಿಯ ಮೊಲವೊಂದು ಬರುತ್ತದೆ. ಸಿಂಪ್ಸನ್ ಕುಟುಂಬ 1987ರಲ್ಲಿ ಬೇರೊಂದು ಟಿವಿ ಕಾರ್ಯಕ್ರಮದ ನಡುವಿನ ತುಣುಕುಗಳಾಗಿ ಹುಟ್ಟಿ, 1989ರ ಡಿಸೆಂಬರ್‌ನಲ್ಲಿ ಸ್ವತಂತ್ರ ಸರಣಿಯಾಯಿತು. ಅದರ ಜನಪ್ರಿಯತೆ ಉತ್ತುಂಗದಲ್ಲಿದ್ದಾಗ, 1993ರಲ್ಲಿ, ಗ್ರೇನಿಂಗ್ ಅವರು ಸ್ಟೀವ್ ವ್ಯಾನ್ಸ್, ಸಿಂಡಿ ವ್ಯಾನ್ಸ್ ಮತ್ತು ಬಿಲ್ ಮಾರಿಸನ್ ಅವರೊಡನೆ ಸೇರಿ ಅದೇ ಮೊಲದ ಹೆಸರಿನಲ್ಲಿ ಬಾಂಗೋ ಕಾಮಿಕ್ಸ್ ಸಂಸ್ಥೆಯನ್ನು ಆರಂಭಿಸಿದರು. ಟಿವಿಯ ಯಶಸ್ಸನ್ನು ಪುಸ್ತಕದ ಅಂಗಡಿಗೂ ಸಾಗಿಸುವ ಸರಕುಗಳು ಅಮೆರಿಕದಲ್ಲಿ ಹೊಸದಲ್ಲ, ಅವುಗಳಲ್ಲಿ ಬಹುಪಾಲು ಓದಿ ಮರೆಯುವಂಥವು. ಬಾಂಗೋದವರ ಪುಸ್ತಕಗಳೆಲ್ಲ ಶ್ರೇಷ್ಠವೆಂದು ನಾನೂ ಹೇಳಲಾರೆ. ಆದರೆ ತಾವು ಟಿವಿಯ ಬಾಲವಷ್ಟೇ ಅಲ್ಲ, ಕಾಮಿಕ್ಸ್ ಎಂಬ ಬೇರೊಂದು ವಂಶದ ಕುಡಿಗಳೂ ಹೌದು ಎಂಬ ಅರಿವು ಅವರಿಗೆ ಮೊದಲ ದಿನದಿಂದಲೇ ಇತ್ತು. 'ಸಿಂಪ್ಸನ್ಸ್ ಕಾಮಿಕ್ಸ್'ನ ಮೊದಲ ಸಂಚಿಕೆಯ ಮುಖಪುಟವೇ ಇದಕ್ಕೆ ಸಾಕ್ಷಿ: ಅಲ್ಲಿ ಸಿಂಪ್ಸನ್ ಕುಟುಂಬದ ತಂದೆ ಹೋಮರ್ ದೈತ್ಯಾಕಾರ ತಳೆದು ನಿಂತಿರುವ ಚಿತ್ರ 1961ರ 'ಫೆಂಟಾಸ್ಟಿಕ್ ಫೋರ್' ಎಂಬ ಸೂಪರ್‌ಹೀರೊ ಕಾಮಿಕ್ಸ್‌ನ ಮೊದಲ ಸಂಚಿಕೆಯ ಮುಖಪುಟದ ಅಣಕು.

ರೇಡಿಯೋಆಕ್ಟಿವ್ ಮ್ಯಾನ್ ಮೊದಲು ಇದ್ದದ್ದು ಕಥೆಯೊಳಗಿನ ಕಥೆಯಾಗಿ. 1991ರ ಮೇ ತಿಂಗಳಲ್ಲಿ ಪ್ರಸಾರವಾದ ಕಂತೊಂದರಲ್ಲಿ ಸಿಂಪ್ಸನ್ ಕುಟುಂಬದ ಮಗ ಬಾರ್ಟ್, ಅವನ ಸಹಪಾಠಿಗಳಾದ ಮಿಲ್‌ಹೌಸ್, ಮಾರ್ಟಿನ್ ಎಂಬ ಮೂವರು ಹುಡುಗರು ಹಣ ಕೂಡಿಸಿ ನೂರು ಡಾಲರ್ ಕೊಟ್ಟು ರೇಡಿಯೋಆಕ್ಟಿವ್ ಮ್ಯಾನ್‌ನ ಮೊದಲ ಸಂಚಿಕೆಯನ್ನು ಕೊಳ್ಳುತ್ತಾರೆ. ಆ ಕ್ಷಣದಿಂದಲೇ ಒಬ್ಬರನ್ನೊಬ್ಬರು ಅನುಮಾನಿಸತೊಡಗುತ್ತಾರೆ. ಮರದ ಮೇಲಿನ ಗೂಡಿನಲ್ಲಿ ಕಾವಲು ಕುಳಿತ ಬಿರುಗಾಳಿಯ ರಾತ್ರಿಯಲ್ಲಿ ಪುಸ್ತಕವೇ ಛಿದ್ರವಾಗಿ ಹೋಗುತ್ತದೆ. ಆ ಕಂತಿನ ಹಿಂದೆ 1948ರ 'ದಿ ಟ್ರೆಷರ್ ಆಫ್ ದಿ ಸಿಯೆರಾ ಮಾದ್ರೆ' ಚಲನಚಿತ್ರದ ನೆರಳಿದೆ. ಚಿನ್ನ ಸಿಕ್ಕ ಮೇಲೆ ಮನಸ್ಸು ಕೆಡಿಸಿಕೊಳ್ಳುವ ಮೂವರು ಗಂಡಸರ ಜಾಗದಲ್ಲಿ ಮೂವರು ಹುಡುಗರಿದ್ದಾರೆ. ಕಂತಿನಲ್ಲಿ ನಾಶವಾದ ಆ ಪುಸ್ತಕವನ್ನೇ ಬಾಂಗೋದವರು ಎರಡು ವರ್ಷಗಳ ನಂತರ 1952ರ ಸಂಚಿಕೆಯೆಂದು ಸಾರಿ, ಕತ್ತಲಲ್ಲಿ ಹೊಳೆಯುವ ಮುಖಪುಟದೊಂದಿಗೆ ಅಚ್ಚುಹಾಕಿದರು. ಟಿವಿಯಲ್ಲಿ ಬಾರ್ಟ್ ಕಳೆದುಕೊಂಡದ್ದು ಪುಸ್ತಕದಂಗಡಿಯಲ್ಲಿ ನಮ್ಮ ಕೈಗೆ ಬರುತ್ತಿತ್ತು. ನಿರಂತರತೆ ಎಂದರೆ ಹಿಂದೆ ಹೇಳಿದ್ದಕ್ಕೆ ಮುಂದೆ ಹೇಳುವುದು ಹೊಂದಬೇಕು ಎಂದಷ್ಟೇ ತಿಳಿದಿದ್ದ ನನಗೆ, ಒಂದು ಮಾಧ್ಯಮದಲ್ಲಿ ನಾಶವಾದ ವಸ್ತು ಇನ್ನೊಂದರಲ್ಲಿ ಬೆಲೆಚೀಟಿ ಹೊತ್ತು ಪ್ರತ್ಯಕ್ಷವಾಗುವ ಈ ಬಗೆ ಹೊಸದಾಗಿತ್ತು.

ಆ ಆರು ಪುಸ್ತಕಗಳ ಸಂಖ್ಯೆಗಳನ್ನು ಮನಬಂದಂತೆ ಆರಿಸಿಕೊಂಡದ್ದಲ್ಲ. ಪ್ರತಿಯೊಂದೂ ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್‌ನ ಒಂದೊಂದು ಘಟ್ಟದ ವೇಷ ತೊಟ್ಟಿದೆ. ಮೊದಲನೆಯದು ಅಣುಬಾಂಬಿನ ಭಯವೂ ಬೆರಗೂ ಒಟ್ಟಿಗಿದ್ದ 1952ರದ್ದು: ಕ್ಲಾಡ್ ಕೇನ್ ಎಂಬ ಸಿರಿವಂತ ಮುಳ್ಳುತಂತಿಗೆ ಪ್ಯಾಂಟು ಸಿಕ್ಕಿಸಿಕೊಂಡು ಅಣುಸ್ಫೋಟದ ಬಾಯಿಗೆ ಬೀಳುತ್ತಾನೆ, ಮಿಂಚಿನ ಆಕಾರದ ಲೋಹದ ಚೂರೊಂದು ತಲೆಗೆ ನಾಟುತ್ತದೆ, ಅಲ್ಲಿಂದಾಚೆಗೆ ಸಾಮಾನ್ಯ ಮನುಷ್ಯನಂತೆ ಓಡಾಡುವಾಗಲೆಲ್ಲ ಅದನ್ನು ಮರೆಮಾಚಲು ಅವನು ಟೋಪಿ ಹಾಕಿಕೊಳ್ಳಬೇಕಾಗುತ್ತದೆ. 88ನೆಯದು 1962ರ ವೇಷದ್ದು. ಕಾಮಿಕ್ಸ್‌ನಲ್ಲಿ ಏನಿರಬೇಕು, ಏನಿರಬಾರದು ಎಂದು ವಿಧಿಸಿ 1954ರಲ್ಲಿ ಜಾರಿಗೆ ಬಂದ ಕಾಮಿಕ್ಸ್ ಸಂಹಿತೆಯ ಕೆಳಗೆ ಪ್ರಕಾಶಕರು ತಲೆ ತಗ್ಗಿಸಿ ನಡೆಯುತ್ತಿದ್ದ, ಕಥೆಗಳು ಮಕ್ಕಳಾಟಿಕೆಯಾಗಿದ್ದ ಕಾಲ ಅದು. ನನ್ನ 216ನೆಯದು 1972ರದ್ದು. ಆ ಹೊತ್ತಿಗೆ ಅಮೆರಿಕದ ಸೂಪರ್‌ಹೀರೊಗಳಿಗೆ ಸಾಮಾಜಿಕ ಪ್ರಜ್ಞೆ ಬಂದಿತ್ತು. ಮಾದಕವಸ್ತು, ವರ್ಣಭೇದ, ಮಾಲಿನ್ಯಗಳು ಕಥೆಗಳಿಗೆ ನುಗ್ಗಿದ್ದವು. 1971ರಲ್ಲಿ 'ಸ್ಪೈಡರ್ ಮ್ಯಾನ್'ನ ಮೂರು ಸಂಚಿಕೆಗಳು ಮಾದಕವಸ್ತುವಿನ ವಿಷಯವೆತ್ತಿದ ಕಾರಣಕ್ಕೆ ಸಂಹಿತೆಯ ಮುದ್ರೆಯಿಲ್ಲದೆಯೇ ಹೊರಬಂದಿದ್ದವು. ಅಂಥ ಕಾಲಕ್ಕೆ ಬಂದು ನಿಂತ ರೇಡಿಯೋಆಕ್ಟಿವ್ ಮ್ಯಾನ್ ಮಾತ್ರ 1950ರ ದಶಕದ ಸಂಪ್ರದಾಯವಾದಿಯಾಗಿಯೇ ಉಳಿದಿದ್ದಾನೆ. ಊರೆಲ್ಲ ಬದಲಾಗಿದ್ದರೂ ತಾನು ಬದಲಾಗದ ಹಿರಿಯರೊಬ್ಬರು ಮದುವೆಮನೆಯಲ್ಲಿ ಹುಡುಗರಿಗೆ ಬುದ್ಧಿ ಹೇಳಲು ಹೊರಟರೆ ಹೇಗಿರುತ್ತದೋ, ಹಾಗೆ.

412ನೆಯದರ ಕಾಲ 1980, ಎಕ್ಸ್-ಮೆನ್ ಮಾದರಿಯ ಕಣ್ಣೀರು ತುಂಬಿದ ದೀರ್ಘ ಕಥಾನಕಗಳ ಕಾಲ. 679ನೆಯದರದ್ದು 1986. ಕಾಮಿಕ್ಸ್ ಓದುವವರಿಗೆ ಆ ಇಸವಿಯೇ ಸಾಕು. 'ವಾಚ್‌ಮೆನ್' ಮತ್ತು 'ದಿ ಡಾರ್ಕ್ ನೈಟ್ ರಿಟರ್ನ್ಸ್' ಎರಡೂ ಆರಂಭವಾದ ವರ್ಷ ಅದು. ಸೂಪರ್‌ಹೀರೊ ಮುಖದಲ್ಲಿ ಗಡ್ಡದ ಚಿಗುರೂ ಮನಸ್ಸಿನಲ್ಲಿ ಕತ್ತಲೂ ಕಾಣಿಸಿಕೊಂಡದ್ದು ಅಲ್ಲಿಂದ. ಸಾವಿರದ ಸಂಚಿಕೆ ಮಾತ್ರ ತನ್ನದೇ ಕಾಲದ್ದು, 1995ರದ್ದು: ಮಿರುಗುವ ಮುಖಪುಟಗಳು, ಉಬ್ಬಿದ ಸ್ನಾಯುಗಳು, ಓದುವುದಕ್ಕಲ್ಲದೆ ಕೂಡಿಡುವುದಕ್ಕಾಗಿ ಒಂದೇ ಸಂಚಿಕೆಯ ನಾಲ್ಕಾರು ಪ್ರತಿಗಳನ್ನು ಕೊಳ್ಳುವ ಜನ. 1992ರಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿ ಮಾರಿದ್ದರು. ಬಹಳ ಮಂದಿ ಅದನ್ನು ಬಿಚ್ಚಲೇ ಇಲ್ಲ. ಆ ಹುಚ್ಚು ಕೆಲವೇ ವರ್ಷಗಳಲ್ಲಿ ಕುಸಿದು ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ಹುಚ್ಚನ್ನು ಹಾಸ್ಯ ಮಾಡುತ್ತಿದ್ದ ಬಾಂಗೋದವರೂ ಹೊಳೆಯುವ ಮುಖಪುಟದಿಂದಲೇ ಅಂಗಡಿ ತೆರೆದವರು ಎಂಬುದನ್ನು ಮರೆಯಬಾರದು. ಅಣಕಿಸುವವರ ಕೈಯೂ ಅದೇ ಗಲ್ಲಾಪೆಟ್ಟಿಗೆಯಲ್ಲಿತ್ತು.

ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ತಲೆಕೆಳಗಾದ ಕ್ರಮದಲ್ಲಿ. ಅಮೆರಿಕದ ಓದುಗನಿಗೆ ಮೂಲ ಮೊದಲು, ಅಣಕು ಆಮೇಲೆ. 1972ರ ಕಾಮಿಕ್ಸ್ ಅನ್ನು ಬಾಲ್ಯದಲ್ಲಿ ಓದಿದ್ದವನು ನಡುವಯಸ್ಸಿನಲ್ಲಿ ಅದರ ವಿಡಂಬನೆಯನ್ನು ಕಂಡು, ಹಳೆಯ ಗೆಳೆಯನೊಬ್ಬನನ್ನು ನಾಟಕದ ವೇಷದಲ್ಲಿ ಕಂಡಂತೆ ನಗುತ್ತಾನೆ. ನನಗೆ ಮೊದಲು ಸಿಕ್ಕಿದ್ದು ವೇಷ. ಹಲವು ವರ್ಷಗಳ ನಂತರ 'ವಾಚ್‌ಮೆನ್' ಓದಲು ಕುಳಿತಾಗ, ಒಂಬತ್ತು ಚೌಕಗಳ ಆ ಗಂಭೀರ ಪುಟಗಳಲ್ಲಿ ನನಗೆ ಮತ್ತೆ ಮತ್ತೆ ನಗು ಬರುತ್ತಿತ್ತು; ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ತಡಕಾಡಿದಾಗ ಕೈಗೆ ಸಿಕ್ಕಿದ್ದು 679. ಮೂಲವೇ ನಕಲಿನಂತೆ ಕಂಡದ್ದು ನನ್ನ ತಪ್ಪಲ್ಲ, ಆದರೂ ಆ ಮಹಾಕೃತಿಗೆ ಅನ್ಯಾಯವಾಯಿತೇನೋ ಎಂಬ ಅಳುಕು ಇಂದಿಗೂ ಇದೆ. ಈ ತಲೆಕೆಳಗು ಅನುಭವ ನನ್ನೊಬ್ಬನದ್ದೂ ಅಲ್ಲ. ಕೇಬಲ್ ಟಿವಿಯಲ್ಲಿ ಸಿಂಪ್ಸನ್ಸ್ ನೋಡುತ್ತಾ ಬೆಳೆದ ನನ್ನ ಓರಗೆಯ ಎಷ್ಟೋ ಮಂದಿಗೆ ಅಮೆರಿಕದ ಹಳೆಯ ಸಿನಿಮಾಗಳು ಪರಿಚಯವಾದದ್ದು ಅವುಗಳ ಅಣಕುಗಳ ಮೂಲಕವೇ.

ಟಿವಿಯ ಉಲ್ಲೇಖಕ್ಕೂ ಪುಟದ ಉಲ್ಲೇಖಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಟಿವಿಯಲ್ಲಿ ಉಲ್ಲೇಖ ಓಡುತ್ತದೆ. ಹಿನ್ನೆಲೆಯ ಅಂಗಡಿಯೊಂದರ ಫಲಕದಲ್ಲಿ ಬರೆದ ನಗೆಮಾತು ಅರ್ಧ ಸೆಕೆಂಡಿನಲ್ಲಿ ಮಾಯವಾಗುತ್ತದೆ, ಹಿಡಿಯಬೇಕೆಂದರೆ ಟೇಪನ್ನು ನಿಲ್ಲಿಸಬೇಕು. ಪುಟ ಓಡುವುದಿಲ್ಲ. ಮೂಲೆಯಲ್ಲಿರುವ ಫಲಕವನ್ನು ಓದುಗ ತನಗೆ ಬೇಕಾದಷ್ಟು ಹೊತ್ತು ನೋಡಬಹುದು, ಆದ್ದರಿಂದ ಕಾಮಿಕ್ಸ್‌ನವರು ಮೂಲೆಗಳನ್ನು ಇನ್ನೂ ಧಾರಾಳವಾಗಿ ತುಂಬಿದರು. ಅದಕ್ಕೆ ತೆತ್ತ ಬೆಲೆಯೆಂದರೆ ಸಂಗೀತ ಮತ್ತು ದನಿ. ಎರಡೇ ಸ್ವರಗಳಲ್ಲಿ ಹಿಚ್‌ಕಾಕ್ ಚಿತ್ರವೊಂದನ್ನು ನೆನಪಿಸುವ ಅನುಕೂಲ ಪುಟಕ್ಕಿಲ್ಲ. ಅದರ ಬದಲು ಅಕ್ಷರಗಳ ಶೈಲಿ, ಬಣ್ಣದ ಚುಕ್ಕೆಗಳು, ಚೌಕಗಳ ಜೋಡಣೆ, ಕಡೆಗೆ ಸುಳ್ಳು ಜಾಹೀರಾತುಗಳ ಮೂಲಕ ಒಂದು ಕಾಲವನ್ನು ನೆನಪಿಸಬೇಕು. ನನ್ನ 216ನೆಯ ಸಂಚಿಕೆ ಅಂಗಡಿಯವರನ್ನೂ ನನ್ನನ್ನೂ ಒಟ್ಟಿಗೆ ಮೋಸಗೊಳಿಸಿದ್ದು ಕಥೆಯಿಂದಲ್ಲ, ಈ ಅಲಂಕಾರದಿಂದ.

ದನಿಯ ಮಾತು ಬಂದಾಗ ಅಪುವಿನ ಪ್ರಸ್ತಾಪವನ್ನು ತಪ್ಪಿಸುವಂತಿಲ್ಲ. ಸಿಂಪ್ಸನ್ನರ ಊರಾದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕ್ವಿಕ್-ಇ-ಮಾರ್ಟ್ ಎಂಬ ಅಂಗಡಿ ನಡೆಸುವ ಈ ಭಾರತೀಯನ ಹೆಸರು ಸತ್ಯಜಿತ್ ರಾಯ್ ಅವರ ಚಿತ್ರತ್ರಯದ ಅಪುವಿನಿಂದ ಬಂದದ್ದು, ಎಂದರೆ ಅದೂ ಒಂದು ಉಲ್ಲೇಖವೇ, ಗೌರವದ ಉಲ್ಲೇಖ. ಅವನ ಉಪನಾಮ ನಹಸಪೀಮಪೆಟಿಲಾನ್ ಮಾತ್ರ ಯಾವ ಭಾರತೀಯ ಭಾಷೆಗೂ ಸೇರದ್ದು. ಮಿಕ್ಕ ಎಲ್ಲ ಉಲ್ಲೇಖಗಳಲ್ಲಿ ಮೂಲ ತಿಳಿಯದೆ ಅಣಕನ್ನು ಕಂಡ ನಾನು, ಇಲ್ಲೊಂದು ಕಡೆ ಮಾತ್ರ ಮೂಲವನ್ನು ಬಲ್ಲವನಾಗಿದ್ದೆ. ಇಲ್ಲೊಂದು ಕಡೆಯೇ ಅಣಕು ತನ್ನ ಮೂಲವನ್ನು ಸರಿಯಾಗಿ ನೋಡಿಯೇ ಇಲ್ಲವೆಂದು ಅನ್ನಿಸಿತ್ತು. ಟಿವಿಯಲ್ಲಿ ನಟ ಹ್ಯಾಂಕ್ ಅಜಾರಿಯಾ ಅಪುವಿಗೆ ಕೊಡುತ್ತಿದ್ದ ಆ ಎಳೆದಾಡುವ ದನಿಯ ಕುರಿತು ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ಮಾಡಿದರು, 2020ರಲ್ಲಿ ಅಜಾರಿಯಾ ಆ ಪಾತ್ರದಿಂದ ಹಿಂದೆ ಸರಿದರು. ಆ ಚರ್ಚೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಕಾಮಿಕ್ಸ್‌ನ ಅಪು. ಪುಟದ ಮೇಲೆ ಅವನ ಮಾತಿನ ಗುಳ್ಳೆಯೊಳಗಿರುವುದು ಎಲ್ಲರ ಮಾತಿನಂತೆಯೇ ಅಚ್ಚಾದ ಇಂಗ್ಲಿಷ್. ಅದರಲ್ಲಿ ಉಚ್ಚಾರದ ನಗೆಯಿಲ್ಲ. ಟಿವಿ ನೋಡಿ ಬಂದ ಓದುಗ ಆ ದನಿಯನ್ನು ತಾನೇ ತುಂಬಿಕೊಂಡು ಓದುತ್ತಾನೆ, ನೋಡದೆ ಬಂದವನಿಗೆ ಅವನು ತುಸು ಹೆಚ್ಚೇ ಸೌಜನ್ಯದ ಅಂಗಡಿಯವನು, ಅಷ್ಟೇ. ನಾನು ಕಾಮಿಕ್ಸ್‌ನ ಅಪುವನ್ನು ಓದುವಾಗ ಅವನ ಮಾತು ನಮ್ಮ ಬಡಾವಣೆಯ ಪ್ರಾವಿಷನ್ ಸ್ಟೋರಿನವರ ದನಿಯಲ್ಲಿ ಕೇಳುತ್ತಿತ್ತು.

ಇನ್ನು ನಿರಂತರತೆ. ಬಾರ್ಟ್‌ಗೆ 1989ರಲ್ಲಿ ಹತ್ತು ವರ್ಷ, ಇಂದಿಗೂ ಹತ್ತೇ ವರ್ಷ. ಅವನ ತಂಗಿ ಲೀಸಾಗೆ ಎಂಟು. ಮಕ್ಕಳು ಬೆಳೆಯದ ಲೋಕದಲ್ಲಿ ಭೂತಕಾಲವೇ ಜಾರುತ್ತಾ ಹೋಗಬೇಕಾಗುತ್ತದೆ: 1991ರ ಕಂತಿನ ಪ್ರಕಾರ ಹೋಮರ್ ಮತ್ತು ಅವನ ಹೆಂಡತಿ ಮಾರ್ಜ್ 1974ರಲ್ಲಿ ಹೈಸ್ಕೂಲಿನಲ್ಲಿದ್ದರು, 2008ರ ಕಂತೊಂದು ಅವರ ಪ್ರಣಯದ ದಿನಗಳನ್ನು 1990ರ ದಶಕಕ್ಕೆ ಎಳೆದು ತಂದಿತು. ಅಭಿಮಾನಿಗಳು ಕೋಪಿಸಿಕೊಂಡರು. ಬರೆಯುವವರಿಗೆ ಈ ಕೋಪದ ಅರಿವು ಎಷ್ಟಿತ್ತೆಂದರೆ, 1997ರ ಸೆಪ್ಟೆಂಬರ್‌ನ ಕಂತೊಂದರಲ್ಲಿ ಶಾಲೆಯ ಪ್ರಾಂಶುಪಾಲ ಸ್ಕಿನ್ನರ್ ಸ್ಕಿನ್ನರನೇ ಅಲ್ಲ, ಆರ್ಮಿನ್ ಟಾಮ್ಜೇರಿಯನ್ ಎಂಬ ಬೇರೊಬ್ಬ ಎಂದು ಬಯಲಾದ ಮೇಲೆ, ಕೊನೆಯಲ್ಲಿ ನ್ಯಾಯಾಧೀಶರು ಎಲ್ಲವೂ ಮೊದಲಿನಂತೆಯೇ ಇರತಕ್ಕದ್ದೆಂದೂ ಈ ವಿಷಯವನ್ನು ಎತ್ತಿದವರಿಗೆ ಚಿತ್ರಹಿಂಸೆಯ ಶಿಕ್ಷೆಯೆಂದೂ ಆದೇಶಿಸುತ್ತಾರೆ. ಕಥೆಯ ಹೊಂದಾಣಿಕೆಯನ್ನು ನ್ಯಾಯಾಲಯದ ಆಜ್ಞೆಯಿಂದ ಉಳಿಸಿಕೊಂಡ ಇನ್ನೊಂದು ಹಾಸ್ಯ ಸರಣಿ ನನಗೆ ಗೊತ್ತಿಲ್ಲ.

ಟಿವಿಗೇ ಇಷ್ಟು ಇಕ್ಕಟ್ಟಾದರೆ ಅದರ ನೆರಳಿನಲ್ಲಿರುವ ಕಾಮಿಕ್ಸ್‌ಗೆ ಇನ್ನೂ ಹೆಚ್ಚು. ಅಲ್ಲಿ ಯಾರನ್ನೂ ಕೊಲ್ಲುವಂತಿಲ್ಲ, ಯಾರಿಗೂ ಮದುವೆ ಮಾಡಿಸುವಂತಿಲ್ಲ. ಹೋಮರ್ ದೈತ್ಯನಾಗಬಹುದು, ಆದರೆ ಕೊನೆಯ ಪುಟದೊಳಗೆ ಮತ್ತೆ ಸೋಫಾದ ಅಳತೆಗೆ ಕುಗ್ಗಬೇಕು. ಇದು ಬಡತನವೆಂದು ಮೊದಲು ನಾನೂ ಭಾವಿಸಿದ್ದೆ. ಆದರೆ ತಾಳಮದ್ದಳೆಯ ಕರ್ಣಪರ್ವದಲ್ಲಿ ಅರ್ಥಧಾರಿ ಎಷ್ಟೇ ಸೊಗಸಾಗಿ ವಾದಿಸಲಿ, ಕೃಷ್ಣನ ಬಾಯಿ ಕಟ್ಟಿಸಲಿ, ಪ್ರಸಂಗ ಮುಗಿಯುವ ಹೊತ್ತಿಗೆ ಕರ್ಣ ಸಾಯಲೇಬೇಕು. ಕೇಳುವವರು ಕುಳಿತಿರುವುದು ನಡುವಿನ ಮಾತಿಗಾಗಿ. ಸಿಂಪ್ಸನ್ಸ್ ಕಾಮಿಕ್ಸ್‌ನ ಸ್ವಾತಂತ್ರ್ಯವೂ ಅಂಥದ್ದೇ. ರೇಡಿಯೋಆಕ್ಟಿವ್ ಮ್ಯಾನ್ ಬರೆದವರ ಜಾಣತನವಿರುವುದೂ ಇಲ್ಲಿಯೇ. ಬಾರ್ಟ್‌ನ ಲೋಕದಲ್ಲಿ ಕಾಲ ಚಲಿಸುವಂತಿಲ್ಲ, ಆದರೆ ಬಾರ್ಟ್ ಓದುವ ಪುಸ್ತಕದಲ್ಲಿ ಚಲಿಸಬಹುದಲ್ಲ! 1952ರಿಂದ 1995ರವರೆಗೆ ಅಧ್ಯಕ್ಷರು, ಯುದ್ಧಗಳು, ಕೇಶಾಲಂಕಾರಗಳು ಎಲ್ಲ ಬದಲಾಗುವ ಪೂರ್ಣ ಇತಿಹಾಸವೊಂದನ್ನು ಅವರು ಆ ಪುಸ್ತಕದೊಳಗೆ ಇಟ್ಟರು. ಹುಡುಗ ಬೆಳೆಯುವುದಿಲ್ಲ, ಅವನ ಕೈಯಲ್ಲಿರುವ ಕಾಮಿಕ್ಸ್ ಮುದಿಯಾಗುತ್ತದೆ.

ಸಾವಿರ ವರ್ಷ ಮುಂದಿನ ಲೋಕದಲ್ಲಿ ನಡೆಯುವ, ಗ್ರೇನಿಂಗ್ ಅವರ ಇನ್ನೊಂದು ಸರಣಿ 'ಫ್ಯೂಚುರಾಮ'ದ ಕಥೆ ಬೇರೆ. 1999ರ ಮಾರ್ಚ್‌ನಲ್ಲಿ ಆರಂಭವಾದ ಅದರಲ್ಲಿ ಕಾಲ ಚಲಿಸುತ್ತದೆ, ಘಟನೆಗಳು ಉಳಿಯುತ್ತವೆ. ಮೊದಲ ಕಂತಿನಲ್ಲಿ ಮೇಜಿನ ಕೆಳಗೆ ಕಂಡೂ ಕಾಣದಂತೆ ಹಾದುಹೋದ, ನಿಬ್ಲರ್ ಎಂಬ ಪುಟ್ಟ ಪ್ರಾಣಿಯ ನೆರಳಿಗೆ 2003ರ ಕಂತಿನಲ್ಲಿ ವಿವರಣೆ ಬಂತು. ಅಂಥ ಬಿಗಿಯಾದ ಹೆಣಿಗೆಯ ಪಕ್ಕದಲ್ಲಿ 2000ದ ಕೊನೆಗೆ ಬಾಂಗೋದವರ 'ಫ್ಯೂಚುರಾಮ ಕಾಮಿಕ್ಸ್' ಹೊರಡತೊಡಗಿತು. 2003ರ ಆಗಸ್ಟ್‌ನಲ್ಲಿ ಟಿವಿಯವರು ಸರಣಿಯನ್ನು ನಿಲ್ಲಿಸಿದರು. 2007ರ ನವೆಂಬರ್‌ನಲ್ಲಿ ಡಿವಿಡಿ ಚಿತ್ರ ಬರುವವರೆಗೆ, ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ, ಅದರ ಮುಖ್ಯ ಪಾತ್ರಗಳಾದ ಫ್ರೈ, ಲೀಲಾ ಮತ್ತು ಯಂತ್ರಮಾನವ ಬೆಂಡರ್ ಹೊಸ ಕಥೆಗಳಲ್ಲಿ ಬದುಕಿದ್ದದ್ದು ಹೆಚ್ಚಾಗಿ ಆ ಪುಟಗಳಲ್ಲೇ. ಆದರೂ ಆ ನಾಲ್ಕು ವರ್ಷ ಫ್ರೈ ಲೀಲಾಳಿಗೆ ಇನ್ನೊಂದು ಹೆಜ್ಜೆ ಹತ್ತಿರವಾಗಲಿಲ್ಲ. ಯಜಮಾನರು ಊರಿನಲ್ಲಿಲ್ಲದಾಗ ಮನೆ ನೋಡಿಕೊಳ್ಳುವವನು ದೀಪ ಹಚ್ಚಬಹುದು, ಗೋಡೆ ಒಡೆದು ಕೋಣೆ ಹೆಚ್ಚಿಸುವಂತಿಲ್ಲ.

ಆ ಮನೆಯಲ್ಲಿದ್ದುಕೊಂಡೇ ಅವರು ಆಡಿದ ಅತ್ಯಂತ ಚೆಂದದ ಆಟ 2002-03ರಲ್ಲಿ ಎರಡು ಭಾಗಗಳಲ್ಲಿ ಬಂದ, ಇಯಾನ್ ಬೂತ್‌ಬಿ ಬರೆದ ಸಮ್ಮಿಲನ ಕಥೆ. ಅದರ ಹೆಸರು 'ಫ್ಯೂಚುರಾಮ/ಸಿಂಪ್ಸನ್ಸ್ ಇನ್ಫಿನಿಟ್ಲಿ ಸೀಕ್ರೆಟ್ ಕ್ರಾಸೋವರ್ ಕ್ರೈಸಿಸ್'. ಈ ಉದ್ದನೆಯ ಹೆಸರೇ ಎರಡು ಉಲ್ಲೇಖಗಳ ಗಂಟು: ಒಂದು ಅಮೆರಿಕದ ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್‌ನವರ 1984ರ 'ಸೀಕ್ರೆಟ್ ವಾರ್ಸ್', ಇನ್ನೊಂದು ಅವರ ಪ್ರತಿಸ್ಪರ್ಧಿ ಡಿಸಿಯವರ 1985ರ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್'. ಎರಡನೆಯದು ದಶಕಗಳ ಕಾಲ ಗೋಜಲಾಗಿದ್ದ ತಮ್ಮ ಕಥಾಲೋಕಗಳ ಹಿಂದುಮುಂದನ್ನು ಸರಿಪಡಿಸಲೆಂದೇ ಡಿಸಿಯವರು ಹೊರಟ ಮಹಾಕಾರ್ಯ. ಹೊಂದಾಣಿಕೆಯ ಹೆಸರಿನಲ್ಲಿ ನಡೆದ ಆ ಯಜ್ಞದ ಹೆಸರನ್ನು, ಯಾವ ಹೊಂದಾಣಿಕೆಗೂ ಸಿಗದ ಎರಡು ಹಾಸ್ಯ ಸರಣಿಗಳ ಮದುವೆಗೆ ಇಟ್ಟಿದ್ದಾರೆ. ಕಥೆ ಹೀಗಿದೆ: ಹಾರುವ ಮಿದುಳುಗಳು ಫ್ಯೂಚುರಾಮದವರನ್ನು ಸಿಂಪ್ಸನ್ಸ್ ಕಾಮಿಕ್ಸ್ ಪುಸ್ತಕದೊಳಗೆ ಸೆರೆಹಾಕುತ್ತವೆ. ಇದು ಗಾಳಿಯಿಂದ ಬಂದದ್ದಲ್ಲ. 2001ರ ಟಿವಿ ಕಂತಿನಲ್ಲಿ ಇದೇ ಮಿದುಳುಗಳ ದೊರೆ ಫ್ರೈಯನ್ನು 'ಮೋಬಿ ಡಿಕ್' ಮೊದಲಾದ ಗ್ರಂಥಗಳೊಳಗೆ ಎಳೆದೊಯ್ದಿತ್ತು. ಟಿವಿಯಲ್ಲಿ ಇಂಗ್ಲಿಷಿನ ಅಭಿಜಾತ ಕೃತಿಗಳಿದ್ದ ಜಾಗದಲ್ಲಿ ಕಾಮಿಕ್ಸ್‌ನವರು ಹೆಮ್ಮೆಯಿಂದ ತಮ್ಮದೇ ಪುಸ್ತಕವನ್ನಿಟ್ಟರು.

ಅಲ್ಲಿ ಸಿಂಪ್ಸನ್ಸ್ ಎಂಬುದು ಫ್ಯೂಚುರಾಮದ ಲೋಕದ ಒಂದು ಕಟ್ಟುಕಥೆ. ಟಿವಿಯೂ ಇದನ್ನು ಮೊದಲೇ ಒಪ್ಪಿತ್ತು: 1999ರ ಕಂತಿನಲ್ಲಿ ಬಾಹ್ಯಾಕಾಶದ ಕಸದ ಉಂಡೆಯ ಮೇಲೆ ಬಾರ್ಟ್ ಸಿಂಪ್ಸನ್ ಗೊಂಬೆಗಳು ಸಿಗುತ್ತವೆ, "ನನ್ನ ಚಡ್ಡಿ ತಿನ್ನು" ಎಂಬ ತನ್ನ ಹೆಸರಾಂತ ಮಾತನ್ನು ಗೊಂಬೆ ಹೇಳಿದರೆ ಬೆಂಡರ್ "ಆಗಲಿ" ಎಂದು ನಿಜಕ್ಕೂ ತಿಂದುಬಿಡುತ್ತಾನೆ. ಹಾಗಿದ್ದೂ 2014ರ ನವೆಂಬರ್‌ನಲ್ಲಿ ಟಿವಿಯವರು ತಾವೇ ಎರಡು ಸರಣಿಗಳನ್ನು ಕೂಡಿಸಿದಾಗ ಈ ಒಪ್ಪಂದವನ್ನು ಕೈಬಿಟ್ಟರು. ಅದರಲ್ಲಿ ಬೆಂಡರ್ ಭವಿಷ್ಯದಿಂದ ಸ್ಪ್ರಿಂಗ್‌ಫೀಲ್ಡಿಗೆ ಬರುತ್ತಾನೆ, ಎರಡೂ ಲೋಕಗಳು ಒಂದೇ ಕಾಲದ ಎರಡು ತುದಿಗಳು. ಕೊನೆಗೆ ಅವನು ಸಿಂಪ್ಸನ್ನರ ನೆಲಮಾಳಿಗೆಯಲ್ಲಿ ತನ್ನನ್ನು ತಾನೇ ಆರಿಸಿಕೊಂಡು ಸಾವಿರ ವರ್ಷ ಕಾಯಲು ನಿಲ್ಲುತ್ತಾನೆ. ನೋಡಲು ಮಜವಾದ ಕಂತು, ನಾನೂ ಎರಡು ಸಲ ನೋಡಿದ್ದೇನೆ. ಆದರೆ ಹಿಂದಿನದನ್ನು ನೆನಪಿನಲ್ಲಿಟ್ಟುಕೊಂಡು ಬರೆದದ್ದು ಯಾವುದು ಎಂದು ಕೇಳಿದರೆ ಲೆಕ್ಕಕ್ಕೆ ಬಾರದ ಆ ಕಾಮಿಕ್ಸ್ ಎನ್ನುತ್ತೇನೆ. ಅಧಿಕೃತವಾದ ಟಿವಿಗೆ ಮರೆಯುವ ಹಕ್ಕಿದೆ, ಅನಧಿಕೃತವಾದ ಕಾಮಿಕ್ಸ್‌ಗೆ ನೆನಪಿನ ಹೊರತು ಬೇರೆ ಬಂಡವಾಳವಿಲ್ಲ.

2018ರಲ್ಲಿ 245ನೆಯ ಸಂಚಿಕೆಯೊಂದಿಗೆ 'ಸಿಂಪ್ಸನ್ಸ್ ಕಾಮಿಕ್ಸ್' ನಿಂತಿತು. ಆ ಸುದ್ದಿ ಓದಿದ ದಿನ ನನಗೆ ಮೊದಲು ಹೊಳೆದದ್ದು, 1ರಿಂದ 245ರವರೆಗೆ ಒಂದೂ ಬಿಡದೆ ನಿಜವಾಗಿಯೂ ಅಚ್ಚಾದ ಆ ಸಾಲಿನಲ್ಲಿ 217 ಕೂಡ ಇದೆಯೆಂಬುದು. ಅದು ನಾನು ಹುಡುಕಿದ 217 ಅಲ್ಲ. ರೇಡಿಯೋಆಕ್ಟಿವ್ ಮ್ಯಾನ್ ಹೊಸ ಶತಮಾನದಲ್ಲಿ ಎರಡನೆಯ ಸಲ ಬಂದಾಗಲೂ ಹಾಗೆಯೇ ಜಿಗಿಜಿಗಿದು ಸಂಖ್ಯೆ ಹಾಕಿದ್ದರು. ಆಗಲೂ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದ್ದೆ. ಕಪಾಟಿನಲ್ಲಿ 216ರ ಪಕ್ಕ ಈಗ 412 ನಿಂತಿದೆ. ಎರಡರ ನಡುವೆ ಎರಡು ಬೆರಳು ಅಗಲದ ಜಾಗ ಬಿಟ್ಟಿದ್ದೇನೆ, ಮನೆಯವರು ಧೂಳು ಒರೆಸುವಾಗಲೆಲ್ಲ ಅದನ್ನು ಒತ್ತರಿಸಿ ಮುಚ್ಚಿಬಿಡುತ್ತಾರೆ.